ಒಡೆದ ಕಾಂಕ್ರೀಟಿನ ಜಲ್ಲಿಗೆ ಮೊದಲು ನೀರು ಕುಡಿಸಿ

ಮಿಕ್ಸರ್ ಶುರುವಾಗಿ ಹತ್ತು ನಿಮಿಷ ಆಗಿರುವುದಿಲ್ಲ, ಮೇಸ್ತ್ರಿ ಕೇಳುತ್ತಾರೆ: "ಸಾರ್, ಮಾಲು ಟೈಟ್ ಆಗೋಯ್ತು, ಒಂಚೂರು ನೀರು ಬಿಡ್ಲಾ?" ಮನೆ ಯಜಮಾನರು "ಬಿಡಪ್ಪ" ಅಂದುಬಿಡುತ್ತಾರೆ. ಪೈಪು ಹಿಡಿದರೆ ಮಾಲು ಗಂಜಿಯಾಗುತ್ತದೆ. ಆಮೇಲೆ ನೆಲ ಬಿರುಕು ಬಿಟ್ಟಾಗ, ಹಳೇ ಕಾಂಕ್ರೀಟ್ ಪುಡಿ ಮಾಡಿಸಿ ಹಾಕಿದ್ದೇ ತಪ್ಪಾಯಿತು ಎಂದು ಎಲ್ಲರೂ ಸೇರಿ ತೀರ್ಮಾನಿಸುತ್ತಾರೆ. ಮೈಸೂರು, ಮಂಡ್ಯದ ಸೈಟುಗಳಲ್ಲಿ ಈ ಮಾತು ಕೇಳಿ ಕೇಳಿ ಬೇಸರವಾಗಿದೆ. ಕೆಟ್ಟದ್ದು ಒಣ ಜಲ್ಲಿಯನ್ನು ಹಾಗೇ ಮಿಕ್ಸರ್‌ಗೆ ಸುರಿದದ್ದರಿಂದ.

ಕ್ರಷರ್‌ನಿಂದ ಬಂದ 20 ಎಂಎಂ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಕಪ್ಪು ಕಲ್ಲು, ಅದರ ಮೈಗೆ ಮಾವಿನ ಓಟೆಗೆ ನಾರು ಅಂಟಿದ ಹಾಗೆ ಹಳೇ ಸಿಮೆಂಟಿನ ಬೂದು ಗಾರೆ. ಕಲ್ಲಿನ ಭಾಗದ ಮೇಲೆ ಒಂದು ಹನಿ ನೀರು ಬಿಟ್ಟರೆ ಜಾರಿ ಹೋಗುತ್ತದೆ. ಗಾರೆಯ ಮೇಲೆ ಬಿಟ್ಟರೆ ಕಣ್ಣೆದುರಿಗೇ ಇಂಗುತ್ತದೆ. ನಮ್ಮ ಕಡೆಯ ಹೊಸ ಜಲ್ಲಿ ಸಾಮಾನ್ಯವಾಗಿ ತನ್ನ ತೂಕದ ಶೇ. 1ರಷ್ಟು ನೀರನ್ನೂ ಕುಡಿಯುವುದಿಲ್ಲ. ಒಡೆದ ಕಾಂಕ್ರೀಟಿನ ಜಲ್ಲಿ ಶೇ. 4ರಿಂದ 7ರವರೆಗೆ ಕುಡಿಯುವುದು ಮಾಮೂಲು.

ಶೇ. 5 ಎಂದರೆ ಏನು ಮಹಾ ಅನ್ನಿಸಬಹುದು. ಪಾಯದ ಬೆಡ್‌ಗೆ ಹಾಕುವ 1:3:6 (ಸಿಮೆಂಟ್, ಮರಳು, ಜಲ್ಲಿ) ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಮೂಟೆ ಸಿಮೆಂಟಿಗೆ 35 ಲೀಟರಿನ ಬಾಕ್ಸಿನಲ್ಲಿ ಆರು ಬಾಕ್ಸ್ ಜಲ್ಲಿ, ಅಂದರೆ 210 ಲೀಟರ್. ಹಳೇ ಕಾಂಕ್ರೀಟಿನ ಜಲ್ಲಿಯಾದರೆ ಸುಮಾರು 270 ಕೆಜಿ ತೂಗುತ್ತದೆ. ಅದರ ಶೇ. 5 ಸುಮಾರು 13.5 ಲೀಟರ್. ಈ ದರ್ಜೆಯ ಕಾಂಕ್ರೀಟಿಗೆ ಮೂಟೆಗೆ ಹೆಚ್ಚೆಂದರೆ 34 ಲೀಟರ್ ನೀರು. ಸಿಮೆಂಟಿಗೆಂದು ಅಳೆದು ಹಾಕಿದ ನೀರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಜಲ್ಲಿಯೇ ಎಳೆದುಕೊಂಡರೆ ಮಾಲು ಟೈಟ್ ಆಗದೆ ಇನ್ನೇನಾಗುತ್ತದೆ?

"ಹಾಗಾದ್ರೆ ಆ 13 ಲೀಟರನ್ನು ಮೊದಲೇ ಮಿಕ್ಸರ್‌ಗೆ ಹಾಕಿಬಿಡೋಣ" ಎನ್ನುವವರು ಬಹಳ. ಲ್ಯಾಬಿನಲ್ಲಿ ಅಳತೆ ಇಟ್ಟುಕೊಂಡು ಹಾಗೆ ಮಾಡುವುದುಂಟು, ಸೈಟಿನಲ್ಲಿ ಬೇಡ. ಜಲ್ಲಿ ಒಂದೇ ಗುಟುಕಿಗೆ ಕುಡಿಯುವುದಿಲ್ಲ. ಮೊದಲ ಕೆಲವು ನಿಮಿಷ ಜೋರಾಗಿ ಎಳೆದು, ಆಮೇಲೆ ಅರ್ಧ ಗಂಟೆಯವರೆಗೂ ನಿಧಾನವಾಗಿ ಹೀರುತ್ತಲೇ ಇರುತ್ತದೆ. ಮೊದಲ ಬಾಂಡ್ಲಿ ತೆಳ್ಳಗೆ, ಕೊನೇ ಬಾಂಡ್ಲಿ ಗಟ್ಟಿ. ಗಟ್ಟಿಯಾದದ್ದನ್ನು ನೋಡಿ ಮೇಸ್ತ್ರಿ ಮತ್ತೆ ಪೈಪು ಹಿಡಿಯುತ್ತಾರೆ. ಆಗ ಎಷ್ಟು ಲೀಟರ್ ಹೋಯಿತೆಂದು ಯಾರ ಬಳಿಯೂ ಲೆಕ್ಕವಿರುವುದಿಲ್ಲ. ಹೆಚ್ಚಾದ ನೀರು ಆರಿದ ಜಾಗವೆಲ್ಲ ತೂತಾಗಿ ಉಳಿಯುತ್ತದೆ, ಬಲ ಅಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಹಿಂದಿನ ದಿನವೇ ನೆನೆಸಿ. ರಾಶಿಯನ್ನು ಎರಡಡಿಗಿಂತ ಎತ್ತರ ಇಡಬೇಡಿ, ಇಟ್ಟರೆ ತಳದ ಜಲ್ಲಿ ಒಣಗೇ ಇರುತ್ತದೆ. ನೀರು ಬಿಡುತ್ತಾ ಸನಿಕೆಯಲ್ಲಿ ಎರಡು ಸಲ ತಿರುವಿ, ಗೋಣಿಚೀಲ ಅಥವಾ ಟಾರ್ಪಾಲು ಹೊದಿಸಿ. ನೂರು ಘನ ಅಡಿ ರಾಶಿಯ ಒಳಕ್ಕೇ ಹತ್ತಿರ ಹತ್ತಿರ ಒಂದು ಡ್ರಮ್ ನೀರು ಸೇರುತ್ತದೆ, ಸೋರಿ ಹೋಗುವುದು ಬೇರೆ. ಬೆಳಿಗ್ಗೆ ಹೊದಿಕೆ ತೆಗೆದು ಒಂದೆರಡು ಗಂಟೆ ಬಸಿಯಲು ಬಿಡಿ. ಒಳಗೆ ತುಂಬಾ ತೇವ, ಮೇಲೆ ನೀರಿನ ಹೊಳಪಿಲ್ಲ: ಅದು ಹದ. ಮುಷ್ಟಿಯಲ್ಲಿ ಹಿಡಿದರೆ ಅಂಗೈ ತಣ್ಣಗಾಗಬೇಕು, ಹನಿ ಬೀಳಬಾರದು. ಹನಿಯುವ ಜಲ್ಲಿ ಹಾಕಿದರೆ ಅದೂ ತಪ್ಪೇ. ಮೈಮೇಲೆ ಶೇ. 2ರಷ್ಟು ನೀರು ಉಳಿದಿದ್ದರೂ ಮೇಲಿನ ಲೆಕ್ಕದಲ್ಲಿ ಮೂಟೆಗೆ ಐದು ಲೀಟರಿಗಿಂತ ಹೆಚ್ಚು. ಅಷ್ಟನ್ನು 34ರಲ್ಲಿ ಕಳೆಯಬೇಕು.

ನಿಮ್ಮ ಜಲ್ಲಿ ಎಷ್ಟು ಕುಡಿಯುತ್ತದೆ ಎಂದು ತಿಳಿಯಲು ಅಂಗಡಿ ತಕ್ಕಡಿ ಸಾಕು. ತೊಳೆದು, ಕಬ್ಬಿಣದ ಬಾಣಲೆಯಲ್ಲಿ ಹುರಿದು ಆರಿಸಿದ 2 ಕೆಜಿ ಜಲ್ಲಿಯನ್ನು 24 ಗಂಟೆ ನೆನೆಹಾಕಿ, ಬಟ್ಟೆಯಲ್ಲಿ ಒರೆಸಿ ತೂಗಿ. 2 ಕೆಜಿ 100 ಗ್ರಾಂ ಬಂದರೆ ಶೇ. 5. ಲ್ಯಾಬಿನಷ್ಟು ನಿಖರವಲ್ಲ, ಬೆಡ್ ಕಾಂಕ್ರೀಟಿಗೆ ನಡೆಯುತ್ತದೆ. ಶೇ. 10 ದಾಟಿದರೆ ಅದನ್ನು ಕಾಂಕ್ರೀಟಿಗೆ ಬಳಸಬೇಡಿ, ನೆಲದ ಕೆಳಗಿನ ಭರ್ತಿಗೆ ಹಾಕಿ. 4.75 ಎಂಎಂ ಜರಡಿಯಿಂದ ಇಳಿಯುವ ಡಸ್ಟ್ ಜಲ್ಲಿಗಿಂತಲೂ ಹೆಚ್ಚು ಕುಡಿಯುತ್ತದೆ, ಅದನ್ನೂ ಭರ್ತಿಗೇ ಕಳಿಸಿ.

ಎಲ್ಲಿ ಎಷ್ಟು ಎಂಬುದನ್ನು ಜಲ್ಲಿ, ಮರಳಿನ ಭಾರತೀಯ ಮಾನಕವಾದ, 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಹೇಳಿದೆ. ಎಂ15ಕ್ಕಿಂತ (ಇದು ಕಾಂಕ್ರೀಟಿನ ಬಲದ ದರ್ಜೆ) ಕೆಳಗಿನ ಬೆಡ್ ಕಾಂಕ್ರೀಟಿಗೆ ಹೊಸ ಜಲ್ಲಿಯ ಬದಲು ಪೂರ್ತಿ ಇದನ್ನೇ ಹಾಕಬಹುದು. ಕಬ್ಬಿಣವಿಲ್ಲದ ಉಳಿದ ಕಾಂಕ್ರೀಟಿಗೆ ಜಲ್ಲಿಯ ಶೇ. 25, ಕಬ್ಬಿಣ ಇರುವುದಕ್ಕೆ ಶೇ. 20, ಅದೂ ಎಂ25ರವರೆಗೆ ಮಾತ್ರ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು, ಮಿಕ್ಸ್ ಡಿಸೈನ್ (ಲ್ಯಾಬಿನಲ್ಲಿ ಗೊತ್ತುಮಾಡುವ ಮಿಶ್ರಣದ ಲೆಕ್ಕ) ಮತ್ತು ಕ್ಯೂಬ್ ಪರೀಕ್ಷೆ (ಕಾಂಕ್ರೀಟಿನ ಅಚ್ಚು ಒಡೆದು ಬಲ ನೋಡುವುದು) ಮಾಡಿಸದ ಹೊರತು, ಆ ಶೇ. 20ನ್ನೂ ತಾರಸಿ, ತೊಲೆ, ಪಿಲ್ಲರ್‌ಗಳಿಗೆ ಬಳಸಬೇಡಿ. ಹಳೇ ಗಾರೆ ಅಂಟಿದ ಕಾಂಕ್ರೀಟ್ ಹೆಚ್ಚು ಕುಗ್ಗುತ್ತದೆ, ತಾರಸಿ ಹೆಚ್ಚು ಬಾಗುತ್ತದೆ. ಬೆಡ್ಡು, ನೆಲದ ತಳ, ಕಾಂಪೌಂಡ್ ಪಾಯದ ಕೆಳಗೆ ಹಾಕಿದರೇ ಒಂದು ಮನೆಯ ಒಡೆದ ಕಾಂಕ್ರೀಟಿನ ಬಹುಪಾಲು ಕರಗುತ್ತದೆ.

ಹಳೇ ಮನೆ ಒಡೆಯುವಾಗಲೇ ಕಾಂಕ್ರೀಟನ್ನು ಬೇರೆ ಮಾಡಿ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮೈಸೂರಿನ ಹಳೇ ಅಗ್ರಹಾರದ ಮನೆಗಳಲ್ಲಿ ಮದ್ರಾಸ್ ತಾರಸಿಯನ್ನು ಕಾಂಕ್ರೀಟ್ ಎಂದುಕೊಳ್ಳುವವರಿದ್ದಾರೆ. ಅದು ತೇಗದ ಜಂತೆಯ ಮೇಲೆ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ಒಡೆದರೆ ನಸುಗೆಂಪು ಕಾಣುತ್ತದೆ, ಮೊಳೆಯಲ್ಲಿ ಗೀರಿದರೆ ಪುಡಿ ಉದುರುತ್ತದೆ. ಅದು ಭರ್ತಿಗೆ.

ಮಂಡ್ಯದವರಿಗೆ ಇನ್ನೆರಡು ಎಚ್ಚರ. ಆಲೆಮನೆಯ ನೆಲ ಒಡೆದ ಕಾಂಕ್ರೀಟ್ ಬೇಡ. ಕಬ್ಬಿನ ಹಾಲು, ಪಾಕ ವರ್ಷಗಟ್ಟಲೆ ಇಂಗಿರುತ್ತದೆ, ಸಕ್ಕರೆ ಸಿಮೆಂಟನ್ನು ಕಟ್ಟಲು ಬಿಡುವುದಿಲ್ಲ. 50 ಕೆಜಿ ಮೂಟೆಗೆ 25 ಗ್ರಾಂ ಸಕ್ಕರೆ ಸೇರಿದರೂ ಸಿಮೆಂಟ್ ಕಟ್ಟುವುದು ಗಂಟೆಗಟ್ಟಲೆ ತಡವಾಗುತ್ತದೆ. ಗೊಬ್ಬರದ ಗೋದಾಮಿನ ನೆಲವೂ ಬೇಡ. ಪೊಟ್ಯಾಷ್ ಎಂದು ಮಾರುವುದು ಬಹುತೇಕ ಪೊಟ್ಯಾಸಿಯಂ ಕ್ಲೋರೈಡ್, ಆ ಕ್ಲೋರೈಡ್ ಹೊಸ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಇವೆರಡನ್ನೂ ನೆನೆಸಿ ತೊಳೆದು ಸರಿಮಾಡಬಹುದೆಂದು ನಂಬಿ ಕೂರಬೇಡಿ. ಕಟ್ಟಡದಿಂದ ದೂರದ ರಸ್ತೆಯ ಗುಂಡಿಗೋ ದಾರಿಗೋ ಹಾಕಿಸಿ, ಕೆರೆ ಅಂಗಳಕ್ಕಂತೂ ಸುರಿಸಬೇಡಿ.