"ಮೇಡಂ, ನಾನೇ ತಿಂದಿದ್ದೀನಿ, ಏನೂ ಆಗಿಲ್ಲ"

ಕಾಡಲ್ಲಿ ತಾನಾಗಿ ಬೆಳೆಯುವ ಸೊಪ್ಪು, ಹಣ್ಣು, ಅಣಬೆ ಹುಡುಕಿ ತಂದು ಹೋಟೆಲ್ ಅಡುಗೆಮನೆಗಳಿಗೆ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಈ ಕೆಲಸಕ್ಕೆ ಬರುವವರಿಗೆ ಕಲಿಸುತ್ತಲೂ ಇದ್ದೇನೆ. ಬರುವವರು ಒಳ್ಳೆಯವರೇ. ಬೆಳಗ್ಗೆ ಬೇಗ ಏಳುತ್ತಾರೆ, ಮಳೆಗೆ ಹೆದರುವುದಿಲ್ಲ, ಎಷ್ಟೋ ಜನ ನನಗಿಂತ ಜಾಸ್ತಿ ಓದಿಕೊಂಡಿರುತ್ತಾರೆ. ಆದರೆ ಅವರ ಬುಟ್ಟಿಯಿಂದ ಒಂದು ಅಣಬೆ ಎತ್ತಿ, "ಇದು ಅದೇ ಅಂತ ಹೇಗೆ ಹೇಳ್ತೀಯಾ?" ಅಂತ ಕೇಳಿದರೆ ಬರುವುದು ಒಂದೇ ಉತ್ತರ. "ಮೇಡಂ, ನಾನೇ ತಿಂದಿದ್ದೀನಿ. ಏನೂ ಆಗಿಲ್ಲ."

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಯಾವ ಚಾಕು ಬೇಕು, ಯಾವ ಬೂಟು ಬೇಕು, ಅಣಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಯಾಕೆ ಹಾಕಬಾರದು, ಅದೆಲ್ಲ ಬೇರೆ ಕಡೆ ಸಿಗುತ್ತದೆ. ಇವತ್ತು ಈ ಒಂದು ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ನಾನು ಕೇಳುವುದು, ಯಾವಾಗ ತಿಂದೆ ಅಂತ. ನಿನ್ನೆ ರಾತ್ರಿ ಅಂತಾರೆ. ಡೆತ್ ಕ್ಯಾಪ್ ಅಂತ ಒಂದು ಮಾರಕ ವಿಷದ ಅಣಬೆ ಇದೆ, ಈ ಕೆಲಸದವರಿಗೆ ಅದನ್ನು ಬೇರೆ ಪರಿಚಯಿಸಬೇಕಿಲ್ಲ. ಅದನ್ನು ತಿಂದ ಮೇಲೆ ಸಾಮಾನ್ಯವಾಗಿ 6ರಿಂದ 12 ಗಂಟೆ, ಕೆಲವರಿಗೆ 24 ಗಂಟೆವರೆಗೂ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ ಶುರು. ಅದೂ ನಿಂತು ಒಂದು ದಿನ ಹುಷಾರಾದ ಹಾಗೆ ಕಾಣುತ್ತದೆ, ಮನೆಯವರು ಉಸ್ಸಪ್ಪಾ ಅಂತ ಕೂರುತ್ತಾರೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಾ ಇರುತ್ತದೆ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ರುಚಿ ಕೆಟ್ಟದಾಗಿರುತ್ತೆ, ನಾಲಿಗೆಗೇ ಗೊತ್ತಾಗುತ್ತೆ ಅನ್ನುವವರಿಗೆ ಒಂದು ವಿಷಯ: ಅದನ್ನು ತಿಂದು ಬದುಕಿ ಉಳಿದವರು ತುಂಬಾ ರುಚಿಯಾಗಿತ್ತು ಅಂತಲೇ ಹೇಳಿದ್ದಾರೆ. ಹಾಗಾಗಿ ನಿನ್ನೆ ರಾತ್ರಿ ತಿಂದು ಇವತ್ತು ಬೆಳಗ್ಗೆ ನನ್ನ ಮುಂದೆ ನಿಂತಿದ್ದೀಯಾ ಅನ್ನುವುದು ನನಗೆ ಸಂತೋಷದ ವಿಷಯವೇ. ಸಾಕ್ಷಿ ಮಾತ್ರ ಅಲ್ಲ.

"ನಿನ್ನೆ ಮಾತ್ರ ಅಲ್ಲ ಮೇಡಂ, ಹತ್ತು ವರ್ಷದಿಂದ ತಿಂತಿದ್ದೀನಿ" ಅಂತಾರೆ ಕೆಲವರು. ಇವರ ಜೊತೆ ಇನ್ನೂ ಕಷ್ಟ.

ಜೂಲಿಯಸ್ ಷೇಫರ್ ಅಂತ ಜರ್ಮನಿಯಲ್ಲಿ ಒಬ್ಬರಿದ್ದರು. ಅಣಬೆಗಳನ್ನೇ ಅಭ್ಯಾಸ ಮಾಡಿದವರು, ನಮ್ಮ ಹಾಗೆ ಪುಸ್ತಕ ನೋಡಿ ಕಲಿತವರಲ್ಲ, ಪುಸ್ತಕ ಬರೆಯುವಷ್ಟು ತಿಳಿದವರು. ಅವರು 1944ರಲ್ಲಿ ಪ್ಯಾಕ್ಸಿಲಸ್ ಇನ್ವೊಲ್ಯೂಟಸ್ ಅನ್ನುವ ಕಂದು ಅಣಬೆ ತಿಂದು ತೀರಿಕೊಂಡರು. ಗುರುತು ತಪ್ಪಿತ್ತು ಅಂದುಕೊಳ್ಳಬೇಡಿ. ಗುರುತು ಸರಿಯಾಗಿಯೇ ಇತ್ತು. ಆ ಕಾಲಕ್ಕೆ ಯುರೋಪಿನ ಎಷ್ಟೋ ಕಡೆ ಅದನ್ನು ಬೇಯಿಸಿ ತಿನ್ನುವ ರೂಢಿಯೇ ಇತ್ತು. ಆ ಅಣಬೆಯ ಸ್ವಭಾವ ವಿಚಿತ್ರ: ಪದೇ ಪದೇ ತಿಂದವರಲ್ಲಿ ಕೆಲವರ ದೇಹ ಅದರ ವಿರುದ್ಧ ತಿರುಗಿ, ಒಂದು ದಿನ ತನ್ನದೇ ರಕ್ತಕಣಗಳನ್ನು ಒಡೆಯಲು ಶುರು ಮಾಡುತ್ತದೆ. ಅಂದರೆ ಅಲ್ಲಿ ಹತ್ತು ವರ್ಷ ತಿಂದದ್ದು ಧೈರ್ಯ ಕೊಡುವ ವಿಷಯವೇ ಅಲ್ಲ, ಅದೇ ಅಪಾಯ. ಫ್ರಾನ್ಸಿನಲ್ಲಿ ಟ್ರೈಕೊಲೋಮಾ ಈಕ್ವೆಸ್ಟ್ರೆ ಅನ್ನುವ ಹಳದಿ ಅಣಬೆಯದೂ ಹೆಚ್ಚು ಕಡಿಮೆ ಇದೇ ಕಥೆ. ಜನ ಇಷ್ಟಪಟ್ಟು ತಿನ್ನುತ್ತಿದ್ದ ಅಣಬೆ. ಬೆನ್ನುಬೆನ್ನಿಗೆ ಹಲವು ಊಟಕ್ಕೆ ಅದನ್ನೇ ತಿಂದ 12 ಜನರಿಗೆ ಮಾಂಸಖಂಡ ಕರಗುವ ಕಾಯಿಲೆ ಬಂದು, ಅವರಲ್ಲಿ ಮೂವರು ಸತ್ತರು ಅಂತ 2001ರಲ್ಲಿ ವೈದ್ಯರು ಬರೆದರು. ಒಂದು ಸಲ ತಿಂದವರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ, ಅಲ್ವಾ?

ಇಷ್ಟು ಹೇಳಿದ ಮೇಲೂ ಅವರ ಮುಖದಲ್ಲಿ "ಆದರೂ..." ಅನ್ನುವುದು ಹೋಗಿರುವುದಿಲ್ಲ. ಸರಿ, ನಿನ್ನ ಹೊಟ್ಟೆಯ ವಿಷಯ ಬಿಡು. ನೀನು ಮಾರುವುದು ನಿನಗಲ್ಲವಲ್ಲ.

ಈ ಕೆಲಸ ಮನೆಗೆ ಸೊಪ್ಪು ಕಿತ್ತು ತರುವುದಕ್ಕಿಂತ ಬೇರೆ ಆಗುವುದೇ ಇಲ್ಲಿ. ನೀನು ಕಾಣದ, ಹೆಸರು ಗೊತ್ತಿಲ್ಲದ ಒಬ್ಬರು ನಿನ್ನ ಮಾತಿನ ಮೇಲೆ ನಂಬಿಕೆ ಇಟ್ಟು ತಿನ್ನುತ್ತಾರೆ. ಅವರಿಗೆ ಎಪ್ಪತ್ತು ವರ್ಷ ಆಗಿರಬಹುದು. ಬಸುರಿ ಇರಬಹುದು. ಯಾವುದೋ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಜಪಾನಿನಲ್ಲಿ ಸುಗಿಹಿರತಾಕೆ ಅನ್ನುವ ಬಿಳಿ ಅಣಬೆಯನ್ನು ಜನ ಮೊದಲಿನಿಂದಲೂ ತಿನ್ನುತ್ತಿದ್ದರು. 2004ರಲ್ಲಿ ಅದನ್ನು ತಿಂದು 15ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಜನರಿಗೆ ಮೊದಲೇ ಮೂತ್ರಪಿಂಡದ ತೊಂದರೆ ಇತ್ತು. ಆಯ್ದು ತಂದವನ ಕಿಡ್ನಿ ಗಟ್ಟಿಯಾಗಿದ್ದರೆ ಅವರಿಗೇನು ಪ್ರಯೋಜನ?

ಇನ್ನೂ ಸುಲಭದ ಉದಾಹರಣೆ ಇಂಕ್ ಕ್ಯಾಪ್. ಕಿತ್ತ ಸ್ವಲ್ಪ ಹೊತ್ತಿಗೇ ಕಪ್ಪು ಶಾಯಿಯಾಗಿ ಕರಗುವ ಅಣಬೆ. ಅದರಲ್ಲಿ ಒಂದು ಜಾತಿ ಸುಮ್ನೆ ತಿಂದರೆ ಏನೂ ಮಾಡುವುದಿಲ್ಲ, ಅದರ ಜೊತೆ ಮದ್ಯ ಕುಡಿದರೆ ಮಾತ್ರ ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗುತ್ತದೆ. ತಿಂದ ಎರಡು ಮೂರು ದಿನದ ಮೇಲೆ ಕುಡಿದರೂ ಆಗಬಹುದು. ಒಬ್ಬ ಹುಡುಗ ಇದನ್ನು ಒಂದು ದೊಡ್ಡ ಡಬ್ಬಿ ತುಂಬ ತಂದಿದ್ದ. ತಿಂದಿದ್ದೂ ನಿಜ, ಏನೂ ಆಗದೇ ಇದ್ದದ್ದೂ ನಿಜ. ಅವನು ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. ಕೊಡಲು ಹೊರಟಿದ್ದು ಬಾರ್ ಇರುವ ಹೋಟೆಲಿಗೆ!

ಗುರುತು ಸರಿ, ತಿನ್ನುವವರ ಆರೋಗ್ಯವೂ ಸರಿ, ಆದರೂ ಕೆಟ್ಟದ್ದು ಆಗಬಹುದು. ಮೊರೆಲ್ ಅಣಬೆ ದುಬಾರಿ ಮಾಲು, ಎಲ್ಲರಿಗೂ ಗೊತ್ತು. ಅದನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. 2023ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಒಂದು ರೆಸ್ಟೋರೆಂಟಿನಲ್ಲಿ ಹಸಿ ಅಥವಾ ಅರೆಬೆಂದ ಮೊರೆಲ್ ತಿಂದು 51 ಜನ ಹುಷಾರು ತಪ್ಪಿದರು, ಇಬ್ಬರು ಸತ್ತರು. ಅವು ಕಾಡಿನವೂ ಅಲ್ಲ, ಬೆಳೆಸಿದ ಅಣಬೆಗಳು. ಆದರೂ ನಾನು ಆ ಸುದ್ದಿ ಓದಿದ ದಿನದಿಂದ ಮೊರೆಲ್ ಡಬ್ಬಿಯ ಮೇಲೆ "ಪೂರ್ತಿ ಬೇಯಿಸಿ" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುತ್ತೇನೆ. ಅಡುಗೆಯವರು ನಗುತ್ತಾರೆ, ನಗಲಿ.

ಹಾಗಾದರೆ ಸಾಕ್ಷಿ ಯಾವುದು? ಹೆಸರು ಹೇಳುವ ಮೊದಲು ಗಿಡದ ಎಲ್ಲ ಗುರುತೂ ಕೈಯಲ್ಲಿರಬೇಕು. ಅಣಬೆಯನ್ನು ಬುಡಸಮೇತ ಕಿತ್ತು ನೋಡಬೇಕು, ಡೆತ್ ಕ್ಯಾಪಿನ ಬುಡದಲ್ಲಿರುವ ಚೀಲ ಎಷ್ಟೋ ಸಲ ಮಣ್ಣಿನೊಳಗೇ ಉಳಿದಿರುತ್ತದೆ. ಮೇಲಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದೇ ಇಲ್ಲ, ಹಾಗಾಗಿ ಫೋನಿನ ಆ್ಯಪ್ ಏನೇ ಹೇಳಿದರೂ ನಾನು ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ನೀನು ಕಿತ್ತದ್ದನ್ನು ಹೋಲುವ ವಿಷದ ಗಿಡ ಯಾವುದು, ಇದು ಅದಲ್ಲ ಅಂತ ಹೇಗೆ ಗೊತ್ತು, ಅದನ್ನು ಹೇಳಲು ಬಂದರೆ ನನಗೆ ಅರ್ಧ ನೆಮ್ಮದಿ. ಇನ್ನರ್ಧ ಎಲ್ಲಿ ಕಿತ್ತೆ ಅನ್ನುವುದರಲ್ಲಿದೆ. ಪೂರ್ವ ಏಷ್ಯಾದಿಂದ ಬೇರೆ ದೇಶಕ್ಕೆ ಹೋದ, ಅಣಬೆ ಚೆನ್ನಾಗಿ ಗೊತ್ತಿರುವ ಜನ ಡೆತ್ ಕ್ಯಾಪನ್ನು ತಮ್ಮ ಕಡೆಯ ಹುಲ್ಲಿನ ಅಣಬೆ ಅಂದುಕೊಂಡು ಮೋಸಹೋಗಿದ್ದಾರೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹೊಸ ವರ್ಷದ ಊಟಕ್ಕೆ ಅದನ್ನು ಬಳಸಿ 2012ರ ಜನವರಿಯಲ್ಲಿ ಇಬ್ಬರು ಸತ್ತರು. ಅವರಲ್ಲೊಬ್ಬರು ವೃತ್ತಿಯಿಂದ ಬಾಣಸಿಗರು. ತಿಳಿಯದವರಲ್ಲ. ಅವರು ಬಲ್ಲ ನೆಲ ಅದಾಗಿರಲಿಲ್ಲ, ಅಷ್ಟೇ.

ನಾನು ವೈದ್ಯಳಲ್ಲ, ವಕೀಲಳೂ ಅಲ್ಲ. ಯಾರಿಗಾದರೂ ಅನುಮಾನ ಬಂದರೆ ಲಕ್ಷಣ ಬರಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನೂ ತೆಗೆದುಕೊಂಡು ಹೋಗಿ. ಕಾನೂನಿನ ವಿಷಯವನ್ನು ನಿಮ್ಮ ನಿಮ್ಮ ಕಡೆ ವಿಚಾರಿಸಿಕೊಳ್ಳಿ. ಆದರೆ ಮನೆಗೆ ಬೇರೆ, ಮಾರಾಟಕ್ಕೆ ಬೇರೆ ಅನ್ನುವುದನ್ನು ಕಾನೂನೂ ಗುರುತಿಸುತ್ತದೆ. ಇಂಗ್ಲೆಂಡ್, ವೇಲ್ಸ್‌ಗಳ 1968ರ ಕಳ್ಳತನ ಕಾಯ್ದೆ ನೋಡಿ, ಬೇರೆಯವರ ಜಾಗದಲ್ಲಿ ತಾನಾಗಿ ಬೆಳೆದ ಅಣಬೆ, ಹಣ್ಣು, ಎಲೆ ಕಿತ್ತರೆ ಅದು ಕಳ್ಳತನವಲ್ಲ, ಮಾರುವ ಉದ್ದೇಶದಿಂದ ಕಿತ್ತರೆ ಕಳ್ಳತನವಾಗಬಹುದು. ಅದೇ ಅಣಬೆ, ಅದೇ ಕೈ.

ಹೋದ ವಸಂತದಲ್ಲಿ ಒಬ್ಬ ಹುಡುಗ ಕಾಡು ಬೆಳ್ಳುಳ್ಳಿ ಸೊಪ್ಪು ತಂದಿದ್ದ. ನಾಲ್ಕು ಗಂಟೆ ಬಗ್ಗಿ ಕಿತ್ತಿದ್ದ, ಪಾಪ. ಬುಟ್ಟಿಯಲ್ಲಿ ಕೈಯಾಡಿಸಿದರೆ ಲಿಲಿ ಆಫ್ ದ ವ್ಯಾಲಿಯ ಎರಡು ಎಲೆ ಸಿಕ್ಕಿದವು. ಎರಡೂ ಒಂದೇ ಕಡೆ ಬೆಳೆಯುತ್ತವೆ, ಎಲೆ ನೋಡಲು ಒಂದೇ ಥರ, ಆದರೆ ಲಿಲಿಯ ವಿಷ ಹೃದಯಕ್ಕೆ ಹೊಡೆಯುತ್ತದೆ. "ಪ್ರತಿ ಎಲೆ ಮೂಸಿ ನೋಡಿದ್ದೀನಿ ಮೇಡಂ" ಅಂದ. ಮೂಸಿದ್ದು ಸುಳ್ಳಲ್ಲ. ಹತ್ತು ನಿಮಿಷ ಬೆಳ್ಳುಳ್ಳಿ ಸೊಪ್ಪು ಕಿತ್ತ ಬೆರಳಿಗೆ ಏನು ಹಿಡಿದರೂ ಬೆಳ್ಳುಳ್ಳಿ ವಾಸನೆಯೇ ಬರುತ್ತದೆ. ಬುಟ್ಟಿಯನ್ನು ಪೂರ್ತಿ ಸುರಿದುಬಿಟ್ಟೆ.

"ಆ ಎರಡು ಎಲೆ ತೆಗೆದುಹಾಕಿದ್ರೆ ಸಾಕಿತ್ತಲ್ಲಾ ಮೇಡಂ?"

"ಎರಡೇ ಅಂತ ಯಾರು ಹೇಳಿದ್ದು?"

ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ನನಗಿಂತ ಕಟ್ಟುನಿಟ್ಟು. ಒಂದೊಂದೇ ಎಲೆಯ ತೊಟ್ಟು ನೋಡಿ ಕೀಳುತ್ತಾನೆ, ಪ್ರತಿ ಚೀಲಕ್ಕೆ ಜಾಗ ಮತ್ತು ತಾರೀಕು ಬರೆದ ಚೀಟಿ, ಪ್ರತಿ ಸಲದ ಮಾಲಿನಲ್ಲೂ ಒಂದು ಹಿಡಿ ಫ್ರಿಜ್ಜಿನಲ್ಲಿ ಎತ್ತಿಡುತ್ತಾನೆ. ಮೊನ್ನೆ ಅವನನ್ನು ಒಂದು ಹೋಟೆಲಿಗೆ ಮೊದಲ ಸಲ ಕರೆದುಕೊಂಡು ಹೋಗಿದ್ದೆ. ಅವನು ಚೀಟಿಗಳನ್ನೆಲ್ಲ ತೋರಿಸುತ್ತಾ, ಹೋಲುವ ಗಿಡ ಯಾವುದು, ಇದು ಯಾಕೆ ಅದಲ್ಲ ಅಂತ ಐದು ನಿಮಿಷ ವಿವರಿಸಿದ. ಅಡುಗೆಯವರು ತಲೆ ಆಡಿಸುತ್ತಾ ಎಲ್ಲ ಕೇಳಿಸಿಕೊಂಡು, ಡಬ್ಬಿ ಮುಚ್ಚಿ, ಕೊನೆಗೆ ಕೇಳಿದರು.

"ಸರಿಯಪ್ಪಾ. ನೀನು ತಿಂದು ನೋಡಿದ್ದೀಯಾ ತಾನೇ?"

ಹುಡುಗ ನನ್ನ ಮುಖ ನೋಡಿದ.