ಫುಟ್ ಡ್ರಾಪ್‌ಗೆ ಎಫ್‌ಇಎಸ್: ಹಿಮ್ಮಡಿ ಸ್ವಿಚ್ಚಿನ ಗೊಂದಲ

ಲಕ್ವ ಹೊಡೆದ ಕಾಲು ಎತ್ತಿದಾಗ ಪಾದ ಜೋತುಬಿದ್ದು ಬೆರಳು ನೆಲ ಕೆರೆಯುತ್ತದೆ. ಇದೇ ಫುಟ್ ಡ್ರಾಪ್. ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್) ಯಂತ್ರ ಪಾದ ಎತ್ತುವ ಸ್ನಾಯುಗಳ ನರಕ್ಕೆ, ಅಂದರೆ ಕಾಮನ್ ಪೆರೋನಿಯಲ್ ನರಕ್ಕೆ, ಚರ್ಮದ ಮೇಲಿನ ಪ್ಯಾಡುಗಳಿಂದ ಕರೆಂಟು ಕೊಟ್ಟು, ಕಾಲು ಗಾಳಿಯಲ್ಲಿರುವಷ್ಟು ಹೊತ್ತು ಪಾದವನ್ನು ಎತ್ತಿ ಹಿಡಿಯುತ್ತದೆ. 1961ರಲ್ಲಿ ವೈದ್ಯ ಲಿಬರ್ಸನ್ ತಂಡ ಮಾಡಿದ ಉಪಕರಣದ ತತ್ವವೂ ಇದೇ. ನರ ಗಟ್ಟಿಯಿದ್ದರೆ ಮಾತ್ರ ಕೆಲಸ. ನರಕ್ಕೇ ಪೆಟ್ಟಾಗಿದ್ದರೆ ಇಲ್ಲ. ಪೇಸ್‌ಮೇಕರ್ ಇದ್ದವರಿಗೆ ಹೃದಯ ವೈದ್ಯರನ್ನು ಕೇಳದೆ ಹಚ್ಚಬಾರದು.

ಒಂದು ಪ್ಯಾಡ್ ಫಿಬುಲಾ ತಲೆಯ (ಮೊಣಕಾಲಿನ ಹೊರಬದಿಯ ಎಲುಬಿನ ಗಂಟಿನ) ಕೆಳಗೆ, ಇನ್ನೊಂದು ಟಿಬಿಯಾಲಿಸ್ ಆಂಟೀರಿಯರ್ (ಮೊಣಕಾಲ ಕೆಳಗೆ ಮುಂಬದಿಯ, ಪಾದ ಎತ್ತುವ ಸ್ನಾಯು) ಮೇಲೆ. ಸೆಕೆಂಡಿಗೆ ಸುಮಾರು 40 ಮಿಡಿತ (40 ಹರ್ಟ್ಸ್), ಪ್ರತಿ ಮಿಡಿತ ಸುಮಾರು 300 ಮೈಕ್ರೋಸೆಕೆಂಡ್. ಕರೆಂಟಿನ ಪ್ರಮಾಣವನ್ನು (ಮಿಲಿಆಂಪ್) ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಪಾದ ಹೊರಕ್ಕೆ ತೀರಾ ತಿರುಗಿದರೆ ಕೆಳಗಿನ ಪ್ಯಾಡನ್ನು ಕಾಲಿನ ಒಳಬದಿಗೆ ಸರಿಸಿ.

ಈಗ ಸ್ವಿಚ್ಚು. ಒತ್ತಿದರೆ ಆನ್, ಬಿಟ್ಟರೆ ಆಫ್ ಎಂಬ ಮನೆಯ ಗಂಟೆಯ ಲೆಕ್ಕ ಇಲ್ಲಿ ತಲೆಕೆಳಗು. ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು ಇರುವುದು ಸೋತ ಕಾಲಿನ ಹಿಮ್ಮಡಿಯಡಿ, ಜೋಡಿನೊಳಗೆ. ಹಿಮ್ಮಡಿ ಎದ್ದಿತು, ಭಾರ ಹೋಯಿತು, ಕರೆಂಟು ಶುರು. ಹಿಮ್ಮಡಿ ಊರಿತು, ಕರೆಂಟು ನಿಲ್ಲಬೇಕು, ಆದರೆ ತಕ್ಷಣ ಅಲ್ಲ. ಥಟ್ಟನೆ ನಿಂತರೆ ಪಾದ ಪಟ್ಟೆಂದು ನೆಲಕ್ಕೆ ಬಡಿಯುತ್ತದೆ. ಊರಿದ ಮೇಲೂ ಕ್ಷಣಭಾಗ ಮುಂದುವರಿಸುವ ಸೆಟ್ಟಿಂಗು ಅದಕ್ಕೇ.

ಮೀನಖಂಡ ಬಿಗಿದು ಹಿಮ್ಮಡಿ ನೆಲವನ್ನೇ ಮುಟ್ಟದವರಲ್ಲಿ ಈ ಲೆಕ್ಕ ಕೆಡುತ್ತದೆ. ಒತ್ತಡವೇ ಬೀಳದ ಸ್ವಿಚ್ಚಿಗೆ ಏಳುವುದೂ ಒಂದೇ, ಊರುವುದೂ ಒಂದೇ. ಆಗ ಸ್ವಿಚ್ಚನ್ನು ಒಳ್ಳೆಯ ಕಾಲಿನ ಬೂಟಿಗೆ ಹಾಕಿ, ನಿಯಮ ತಿರುಗಿಸಿ: ಒಳ್ಳೆಯ ಹಿಮ್ಮಡಿ ಊರಿದಾಗ ಆನ್, ಎದ್ದಾಗ ಆಫ್. ಆ ಹಿಮ್ಮಡಿ ಊರಿದ ಬೆನ್ನಿಗೇ ಸೋತ ಕಾಲು ಏಳುತ್ತದೆ. ಸ್ವಿಚ್ಚು ಬದಲಿಸಿ ನಿಯಮ ಬದಲಿಸದಿದ್ದರೆ ಊರುವ ಕಾಲಿಗೆ ಕರೆಂಟು, ಏಳುವ ಕಾಲಿಗೆ ಸೊನ್ನೆ! ಮೀನಖಂಡ ಬಿಗಿದವರಲ್ಲಿ ಕರೆಂಟು ಗಕ್ಕನೆ ಏರಿದರೆ ಆ ಮೀನಖಂಡ ಇನ್ನೂ ಸೆಡೆಯುತ್ತದೆ, ಏರಿಕೆ ನಿಧಾನವಿರಲಿ. ತೀರಾ ನಿಧಾನವಾದರೆ ಮತ್ತೆ ಬೆರಳು ಕೆರೆತ.

ಮುಂಬೈ ವಾರ್ಡುಗಳಲ್ಲಿ ಹಿಮ್ಮಡಿಗೆ ಮರಾಠಿಯಲ್ಲಿ ‘ಟಾಚ್’ ಎನ್ನಬೇಕು: ‘ಆಧೀ ಟಾಚ್ ಟೇಕವಾ’, ಮೊದಲು ಹಿಮ್ಮಡಿ ಊರಿ. ಇದನ್ನು ಇಂಗ್ಲಿಷಿನ ಟಚ್ ಎಂದು ಕೇಳಿಸಿಕೊಳ್ಳಬೇಡಿ.

ಇಲ್ಲಿನ ಸೆಕೆಗೆ ಬೆವರಿ ಪ್ಯಾಡಿನ ಅಂಚು ಏಳುತ್ತದೆ. ಅಂಟಿದ ಜಾಗ ಕಿರಿದಾದಷ್ಟೂ ಕರೆಂಟು ಅಲ್ಲೇ ಒತ್ತೊತ್ತಾಗಿ ಚುಚ್ಚುತ್ತದೆ. ಮಿಲಿಆಂಪ್ ಇಳಿಸುವ ಮೊದಲು ಚರ್ಮ ಒರೆಸಿ, ಪ್ಯಾಡ್ ಬದಲಿಸಿ.

ಚಪ್ಪಲಿ ಬಾಗಿಲಲ್ಲೇ ಬಿಡುವ ಮನೆಗಳಲ್ಲಿ ಸ್ವಿಚ್ಚೂ ಹೊರಗೇ ಉಳಿಯುತ್ತದೆ. ಮನೆಯೊಳಗಿನ ಬಳಕೆಗೆ ಹಿಂಬದಿ ಮುಚ್ಚಿದ ಬೇರೆ ಜೋಡು ಇಡಿಸಿ, ಇಲ್ಲವೇ ಸ್ವಿಚ್ಚಿನ ಬದಲು ಕಾಲಿನ ಓರೆ ಅಳೆಯುವ ಸೆನ್ಸರ್ ಇರುವ, ಕಾಲಿಗೆ ಕಟ್ಟುವ ಪಟ್ಟಿ ಬಳಸಿ ನೋಡಿ.