ಮುದ್ದೆ ಇಳಿಯದಿದ್ದಾಗ ಟಿಬಿಯನ್ನೂ ನೆನೆಸಿಕೊಳ್ಳಿ

ನಮ್ಮ ಚಿತ್ರದುರ್ಗದ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ. ಹಾಗಾಗಿ ಅನ್ನನಾಳದಲ್ಲಿ ಏನಾದರೂ ಅಡ್ಡ ಬಂದರೆ ಮೊದಲು ಗೊತ್ತಾಗುವುದು ಊಟಕ್ಕೆ ಕೂತಾಗಲೇ. ತುತ್ತು ಎದೆಯಲ್ಲಿ ನಿಂತ ಹಾಗಾಗುತ್ತದೆ, ನೀರು ಕುಡಿದರೆ ಇಳಿಯುತ್ತದೆ. ಗ್ಯಾಸ್ ಇರಬೇಕು ಅಂತ ಸುಮ್ನೆ ಮಾತ್ರೆ ನುಂಗುತ್ತಾ ವಾರಗಟ್ಟಲೆ ಕಳೆಯುವವರು ಜಾಸ್ತಿ. ತೂಕ ಇಳಿದ ಮೇಲೆ ಮನೆಯವರಿಗೆಲ್ಲ ಕ್ಯಾನ್ಸರ್ ಭಯ. ಅದನ್ನು ಪರೀಕ್ಷೆ ಮಾಡಿಸಲೇಬೇಕು, ಆದರೆ ಅಪರೂಪಕ್ಕೆ ಇದರ ಹಿಂದೆ ಟಿಬಿ ಇರುತ್ತದೆ, ಅದು ಔಷಧಿಗೆ ವಾಸಿಯಾಗುವ ಕಾಯಿಲೆ ಅಲ್ವಾ?

ಅನ್ನನಾಳಕ್ಕೆ ನೇರವಾಗಿ ಟಿಬಿ ಹತ್ತುವುದು ಕಡಿಮೆ. ಒಳಪದರ ಗಟ್ಟಿ, ಜೊಲ್ಲು ತೊಳೆಯುತ್ತಲೇ ಇರುತ್ತದೆ, ನುಂಗಿದ್ದು ಅಲ್ಲಿ ನಿಲ್ಲುವುದಿಲ್ಲ. ತೊಂದರೆ ಸಾಮಾನ್ಯವಾಗಿ ಪಕ್ಕದಿಂದ ಬರುತ್ತದೆ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ದುಗ್ಧಗ್ರಂಥಿಗಳಿವೆ (ಸೋಂಕಿನ ವಿರುದ್ಧ ಹೋರಾಡುವ ಪುಟ್ಟ ಗಂಟುಗಳು, ಲಿಂಫ್ ನೋಡ್), ಅವುಗಳ ಹಿಂದೆಯೇ ಅನ್ನನಾಳ ಇಳಿಯುತ್ತದೆ. ಟಿಬಿಯಿಂದ ಆ ಗ್ರಂಥಿಗಳು ಊದಿಕೊಂಡರೆ ನಾಳವನ್ನು ಒತ್ತುತ್ತವೆ, ಕೆಲವೊಮ್ಮೆ ಒಡೆದು ಅದರೊಳಗೆ ಹುಣ್ಣು ಮಾಡುತ್ತವೆ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದರೆ ನೀರು ಕುಡಿದಾಗಲೆಲ್ಲ ಕೆಮ್ಮು ಉಕ್ಕುತ್ತದೆ. ಇದನ್ನು ತಡಮಾಡದೆ ಡಾಕ್ಟರಿಗೆ ಹೇಳಿ. ಧ್ವನಿಪೆಟ್ಟಿಗೆಯ ಟಿಬಿಯಲ್ಲಿ ನುಂಗುವಾಗ ನೋವು, ಜೊತೆಗೆ ಗೊಗ್ಗರು ದನಿ.

ಇಂಥವರಲ್ಲಿ ಕೆಲವರಿಗೆ ಕೆಮ್ಮೇ ಇರುವುದಿಲ್ಲ, ಕಫದಲ್ಲಿ ಏನೂ ಸಿಗುವುದಿಲ್ಲ. ದಾವಣಗೆರೆಗೆ ಹೋಗಿ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವುದು) ಮಾಡಿಸಿದರೂ ಹೊರಗಿನಿಂದ ಒತ್ತಿದ ಉಬ್ಬು ಮಾತ್ರ ಕಾಣಬಹುದು. ಆಗ ಸಿ.ಟಿ. ಸ್ಕ್ಯಾನ್ ಬೇಕು, ಗ್ರಂಥಿಯಿಂದ ಸೂಜಿಯಲ್ಲಿ ಸ್ಯಾಂಪಲ್ ತೆಗೆಯಬೇಕಾಗಬಹುದು. ಪರೀಕ್ಷೆಗೆಂದು ತೆಗೆದ ಬಯಾಪ್ಸಿಯ ಚೂರು ಪೂರ್ತಿ ಫಾರ್ಮಲಿನ್‌ಗೆ (ಚೂರು ಕೆಡದಂತೆ ಇಡುವ ದ್ರಾವಣ, ಕ್ರಿಮಿಯನ್ನು ಸಾಯಿಸುತ್ತದೆ) ಹೋದರೆ ಕ್ರಿಮಿಯನ್ನು ಬೆಳೆಸಿ ನೋಡಲು ಆಗುವುದಿಲ್ಲ. ಆದ್ದರಿಂದ ಒಂದು ಚೂರು ಸಲೈನ್‌ನಲ್ಲಿ ಟಿಬಿ ಪರೀಕ್ಷೆಗೂ ಹೋಗುತ್ತದಾ ಅಂತ ಮೊದಲೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಟಿಬಿ ಖಚಿತವಾದರೆ ಸಾಮಾನ್ಯವಾಗಿ 6 ತಿಂಗಳ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ಮಾಡಿದ್ದಾರೆ. ಶುರುವಿನ ವಾರಗಳಲ್ಲಿ ಔಷಧಿ ಕೆಲಸ ಮಾಡುತ್ತಿದ್ದರೂ ಕೆಲವರಿಗೆ ಗ್ರಂಥಿ ಇನ್ನಷ್ಟು ಊದುತ್ತದೆ. ಆಗ ಹೆದರಿ ನಿಲ್ಲಿಸಬಾರದು, ಡಾಕ್ಟರಿಗೆ ತೋರಿಸಬೇಕು. ಮುದ್ದೆಯೇ ಇಳಿಯದವರಿಗೆ ಆ ದಪ್ಪ ಮಾತ್ರೆಗಳೂ ಕಷ್ಟವೇ. ಅದನ್ನು ಮುಚ್ಚಿಟ್ಟು ಮಾತ್ರೆ ತಪ್ಪಿಸಬೇಡಿ, ತೀರಾ ಆಗದಿದ್ದರೆ ಮೂಗಿನ ನಳಿಕೆಯ ಮೂಲಕ ಊಟವನ್ನೂ ಔಷಧಿಯನ್ನೂ ಕೊಡುತ್ತಾರೆ.